ಸುನಂದಮ್ಮನ ಪಡಸಾಲೆಯಲ್ಲಿ ಉಪದೇಶದ ಕ್ಲಾಸು

ಪರೀಕ್ಷೆಯ ದಿನ ಬೆಳಿಗ್ಗೆ ಲೂರ್ದಮ್ಮ ಸುನಂದಮ್ಮನ ಕೋಳಿಗಳನ್ನೆಲ್ಲ ಅಟ್ಟಾಡಿಸಿ ಹಿಡಿದು ಮಂಕರಿ ಕವುಚಿದಳು. ಹುಂಜ ಮಾತ್ರ ಸಿಗಲಿಲ್ಲ. ಅದು ಹುಣಸೆಮರದ ಕೊಂಬೆಗೆ ಹಾರಿ ಕೂತು, ಇವಳನ್ನೇ ನೋಡಿಕೊಂಡು ಕತ್ತು ನೀಡಿ ಕೂಗಿತು. ಲೂರ್ದಮ್ಮ ಕಲ್ಲು ಎತ್ತಿಕೊಂಡಳು, ಹೊಡೆದರೆ ಇನ್ನೂ ಜೋರಾಗಿ ಕೂಗೀತೆಂದು ಬಿಸಾಕಿದಳು.

"ಬುಡಿ ಲೂರ್ದಕ್ಕ, ಹುಂಜ ಕೂಗುದ್ರೆ ಮೊಗ ಫೇಲಾಗೋದ್ದಾ?" ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದ ಸುನಂದಮ್ಮ ನಕ್ಕಳು.

"ನಗಬ್ಯಾಡ ಕಣವ್ವ. ಇವತ್ತು ಮೈಕು ಮುಚ್ಚಾಕಿಲ್ವಂತೆ. ಇಲ್ಲಿ ಉಸುರು ಬುಟ್ರೆ ಅಲ್ಲಿ ಕೇಳ್ತದಂತೆ."

"ಅಂಗಾದ್ರೆ ನೀವು ಉಸುರು ಬುಡದಂಗೆ ಕುಂತ್ಕಳಿ. ಬೆಳಗ್ಗಿಂದ ನನ್ನ ಅಂಗಳಾನ ಉತ್ತಾಕ್ಬುಟ್ರಿ ಓಡಾಡಿ."

ಲೂರ್ದಮ್ಮ ಕೂರಲಿಲ್ಲ. ಹೋಗಿ ಬೋರಿನ ಮೋಟರು ನಿಂತಿದೆಯೋ ನೋಡಿ ಬಂದಳು. ನಿಂತಿತ್ತು. ಮನೆಯ ಯಜಮಾನ ಚಲುವಯ್ಯ, "ನಿಮ್ಮ ಮೊಮ್ಮಗಳ ಪರೀಕ್ಷೆ ಮುಗಿಯೋಗಂಟ ನಾನು ಕೆಮ್ಮದೂ ಇಲ್ಲ, ಓಗಿ" ಎಂದು ಹೇಳಿ ಹೊಲದ ಕಡೆ ಹೋಗಿ ಆಗಿತ್ತು. ಆದರೂ ಅವಳು ಇನ್ನೊಂದು ಸಲ ಹೋಗಿ ನೋಡಿದಳು.

ಪರೀಕ್ಷೆ ಎಂದರೆ ಬರೆಯುವ ಪರೀಕ್ಷೆಯಲ್ಲ. ಮೊಮ್ಮಗಳು ಅನೀಟ ಫೋನಿನ ಮುಂದೆ ಕೂತು, ದೂರದ ಊರಿನ ಟೀಚರಿಗೆ ಬಾಯಲ್ಲೇ ಪ್ರಾರ್ಥನೆ ಒಪ್ಪಿಸಬೇಕು, ಕೇಳಿದ್ದಕ್ಕೆ ಜವಾಬು ಕೊಡಬೇಕು. ಪಾಸಾದರೆ ಈಸ್ಟರ್ ಕಳೆದ ಮೇಲೆ ತಾಲ್ಲೂಕಿನ ಊರಾದ ಕೋಟೆಯ ಚರ್ಚಿನಲ್ಲಿ ಅವಳಿಗೆ ಮೊದಲ ಪರಮಪ್ರಸಾದ. ಪೂಜೆಯಲ್ಲಿ ಪಾದ್ರಿ ಸ್ವಾಮಿಯವರು ದೊಡ್ಡವರಿಗೆಲ್ಲ ಕೊಡುವ ಆ ತೆಳ್ಳನೆಯ ಬಿಳಿ ರೊಟ್ಟಿ, ಮಕ್ಕಳಿಗೆ ಉಪದೇಶ, ಅಂದರೆ ಧರ್ಮಪಾಠ, ಕಲಿತು ಮುಗಿಸುವತನಕ ಇಲ್ಲ. ಎಂಟು ಒಂಬತ್ತಕ್ಕೆಲ್ಲ ಮಕ್ಕಳು ಅದನ್ನು ತಗೊಂಡಿರುತ್ತಾರೆ. ಅನೀಟಳಿಗೆ ಹನ್ನೊಂದು ನಡೆಯುತ್ತಿದೆ. ಪ್ರತಿ ಭಾನುವಾರ ಎಲ್ಲರೂ ಎದ್ದು ಸಾಲಿಗೆ ಹೋದಾಗ, ತನಗಿಂತ ಚಿಕ್ಕವು ಹೋಗಿ ಬರುವುದನ್ನು ನೋಡಿಕೊಂಡು ಅವಳೊಬ್ಬಳು ಬೆಂಚಿನಲ್ಲಿ ಉಳಿಯುತ್ತಾಳೆ. ಸಾಲಿನಿಂದ ವಾಪಸು ಬರುವಾಗ ಲೂರ್ದಮ್ಮ ಆ ಬೆಂಚಿನ ಕಡೆ ನೋಡುತ್ತಿರಲಿಲ್ಲ.

ಇಷ್ಟು ತಡವಾಗಲು ಕಾರಣ ಶುಂಠಿ. ಅಳಿಯ ಬಿಜು ವಯನಾಡಿನವನು, ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಬೆಳೆಯುತ್ತಾನೆ. ಒಂದು ಸಲ ಶುಂಠಿ ಕಿತ್ತ ನೆಲಕ್ಕೆ ಮರುವರ್ಷವೇ ಶುಂಠಿ ಹಾಕಿದರೆ ಗೆಡ್ಡೆ ಕೊಳೆತು ನೀರಾಗುತ್ತದೆ. ಅದಕ್ಕೆ ಬೆಳೆ ಕಿತ್ತಾದ ಮೇಲೆ ತಗಡಿನ ಶೆಡ್ಡನ್ನೂ ಬಿಚ್ಚಿ ಲಾರಿಗೆ ಹಾಕಿ ಇನ್ನೊಂದು ಊರಿಗೆ ಹೋಗುವುದು. ಲೂರ್ದಮ್ಮ ಹಾಗೆ ಮಗಳು ಜೆಸಿಂತಳ ಸಂಸಾರದ ಹಿಂದೆ ಲಾರಿ ಹತ್ತಿ ಇಳಿದು ಬಿಳಿಕೆರೆಯಲ್ಲಿದ್ದಳು, ಕೆ.ಆರ್. ನಗರದ ಹತ್ತಿರ ಇದ್ದಳು, ಪಿರಿಯಾಪಟ್ಟಣದಲ್ಲಿದ್ದಳು, ಈಗ ಅಂತರಸಂತೆಯ ಪಕ್ಕ ಚಲುವಯ್ಯನ ಹೊಲದಲ್ಲಿದ್ದಾಳೆ.

ಊರು ಬದಲಾದಂತೆ ಚರ್ಚೂ ಬದಲು. ಪರಮಪ್ರಸಾದಕ್ಕೆ ಮೊದಲು ಒಂದು ವರ್ಷ ಪೂರ್ತಿ ಉಪದೇಶಕ್ಕೆ ಬಂದಿರಬೇಕು ಎಂದು ಎಲ್ಲ ಕಡೆಯೂ ಹೇಳುವವರೇ. ಕೆ.ಆರ್. ನಗರದಲ್ಲಿ ಅರ್ಧ ಆಗಿತ್ತು, ಲಾರಿ ಬಂತು. ಪಿರಿಯಾಪಟ್ಟಣದಲ್ಲಿ ಇನ್ನೇನು ಮುಗಿಯಿತು ಅನ್ನುವಾಗ ಮಳೆ ಹಿಡಿದು ಶುಂಠಿಗೆ ರೋಗ ಬಿತ್ತು, ಮೊದಲೇ ಕಿತ್ತು ಹೊರಟರು. ಶಾಲೆಯ ಪಾಡೂ ಇದೇ. ಕೊನೆಗೆ ಪಿ.ಯು.ಸಿ. ಓದಿದ್ದ ಜೆಸಿಂತ, "ಅವಳ್ನ ನಾನೇ ಓದುಸ್ತೀನಿ" ಎಂದು ಶಾಲೆ ಬಿಡಿಸಿ, ಮನೆಯಲ್ಲೇ ಮಕ್ಕಳನ್ನು ಓದಿಸುವ ಕ್ಯಾಥೊಲಿಕ್ ಮನೆಯವರೆಲ್ಲ ಸೇರಿ ನಡೆಸುವ ಒಂದು ಆನ್‌ಲೈನ್ ಕೂಟಕ್ಕೆ ಹೆಸರು ಕೊಟ್ಟಳು. ಲೆಕ್ಕ, ಇಂಗ್ಲಿಷು, ಉಪದೇಶ, ಮೂರೂ ಅದರಲ್ಲೇ. ಅಲ್ಲಿ ಉಪದೇಶ ಮುಗಿಸಿ ಪಾಸಾದರೆ ಒಪ್ಪಿಕೊಳ್ಳುತ್ತೇನೆಂದು ಕೋಟೆಯ ಸ್ವಾಮಿಯವರೂ ಹೇಳಿದರು. ಒಂದೇ ತೊಡಕು, ತಗಡಿನ ಶೆಡ್ಡಿಗೆ ಸಿಗ್ನಲ್ ಬರುತ್ತಿರಲಿಲ್ಲ. ಕಾಡಿನ ಅಂಚು ಅದು, ಬಂದರೆ ಆನೆ ಬರುತ್ತಿತ್ತು. ಸುತ್ತಮುತ್ತ ಸಿಗ್ನಲ್ ನೆಟ್ಟಗೆ ನಿಲ್ಲುತ್ತಿದ್ದ ಜಾಗ ಒಂದೇ, ಸುನಂದಮ್ಮನ ಪಡಸಾಲೆಯ ಕಿಟಕಿ.

ಹಾಗೆ ವಾರಕ್ಕೆ ಮೂರು ದಿನ ಆ ಪಡಸಾಲೆಯಲ್ಲಿ, ಮಂಟೇಸ್ವಾಮಿಯ ಪಟದ ಕೆಳಗೆ, ಉಪದೇಶದ ಕ್ಲಾಸು ಶುರುವಾಯಿತು. ಮೊದಮೊದಲು ಸುನಂದಮ್ಮ ಒರಳುಕಲ್ಲು ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅದೇನು ಒತ್ತುದ್ಲು ಈಗ?"

"ಟೀಚರು ಬೆಳಿಗ್ಗೆ ಲಿಂಕು ಕಳ್ಸಿರ್ತಾರೆ, ಅದುನ್ನ ಒತ್ತುದ್ರೆ ಕ್ಲಾಸ್ ಬಾಗ್ಲು. ಅಂಗಂತ ತಕ್ಷಣ ಒಳೀಕೆ ಬುಡಾಕಿಲ್ಲ. ಆಸ್ಪತ್ರೆ ಬೆಂಚಂಗೆ ಒಸಿ ಕಾಯ್ಬೇಕು. ಟೀಚರು ನೋಡಿ, ನಮ್ಮ ಮಗೂನೇ ಸೈ ಅಂದ್ಮೇಲೆ ಸೇರುಸ್ಕೋತಾರೆ."

"ಓ, ಇಷ್ಟೊಂದು ಮೊಗ! ಇವೆಲ್ಲ ಎಲ್ಲಿರೋವು?"

"ಒಂದು ಕೊಡಗಿನ ತೋಟದಲ್ಲದೆ. ಆ ಕನ್ನಡಕದ್ದು ಹುಬ್ಬಳ್ಳಿದು. ಆ ದಪ್ಪನೆ ಹುಡ್ಗನ ಅಪ್ಪ ಹಡಗಲ್ಲಿ ಕೆಲ್ಸ ಮಾಡ್ತಾನಂತೆ."

"ಗಲಾಟೆ ಮಾಡಾಕಿಲ್ವಾ?"

"ಮಾಡ್ಲಿ. ಎಲ್ಲಾರ ಮೈಕೂ ಮುಚ್ಚಿರ್ತದೆ. ಮಾತಾಡ್ಬೇಕಂದ್ರೆ ಹಳದಿ ಕೈ ಒಂದದೆ, ಅದುನ್ನ ಒತ್ತಿ ಮೇಲೆತ್ಬೇಕು. ಟೀಚರು ಹೆಸ್ರು ಕೂಗುದ್ಮೇಲೆ ಮೈಕು ಬುಡೋದು."

"ಕೋಲಿಲ್ದೆ ಮಕ್ಳು ಬಾಯಿ ಮುಚ್ಚುಸ್ತಾರೆ ಅನ್ನಿ. ಇದುನ್ನ ನಮ್ಮ ಮನೆ ಗಂಡಸ್ರಿಗೂ ಮಾಡುಸ್ಬೇಕು ಕಣಕ್ಕ."

ಕ್ಲಾಸು ಶಿಲುಬೆ ಗುರುತು ಹಾಕಿ ಶುರುವಾಗುತ್ತಿತ್ತು. ಆಮೇಲೆ ದಿನಕ್ಕೊಂದು ಮಗು ತನ್ನ ಮನೆಮಾತಿನಲ್ಲಿ ಪ್ರಾರ್ಥನೆ ಹೇಳಬೇಕು. ಒಬ್ಬಳು ಕೊಂಕಣಿ, ಒಬ್ಬ ತಮಿಳು. ಅನೀಟ ಅಪ್ಪನ ಮಲಯಾಳ ಬಿಟ್ಟು ಅಜ್ಜಿಯ ಕನ್ನಡ ಹಿಡಿದಿದ್ದಳು. ಸಿಗ್ನಲ್ ಹೋಗಿ ಕ್ಲಾಸು ತಪ್ಪಿದರೆ ಅದರ ರೆಕಾರ್ಡು ಸಂಜೆಗೆ ಬರುತ್ತಿತ್ತು. ಹೋಂವರ್ಕು ಬರೆದು ಫೋಟೋ ತೆಗೆದು ಕಳಿಸುವುದು, ತಿದ್ದುವುದು ಅಮ್ಮನ ಕೆಲಸ. ಮತ್ತೆ, ಮಗು ಕ್ಲಾಸಿನಲ್ಲಿರುವಾಗ ಮನೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಆ ದೊಡ್ಡವರು ಲೂರ್ದಮ್ಮ.

ಅವಳು ಓದಿದ್ದು ಎರಡನೇ ಕ್ಲಾಸು. ಹುಣಸೂರಿನ ಆಚೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ವಿಂಗಡಿಸಿ ಮಗಳನ್ನು ಸಾಕಿದವಳು. ಆ ಸೊಪ್ಪಿನ ಘಾಟು ಈಗಲೂ ಮೂಗು ಬಿಟ್ಟಿಲ್ಲ ಅನ್ನುತ್ತಾಳೆ. ತಾನು ಮೊದಲ ಪರಮಪ್ರಸಾದ ತಗೊಂಡ ದಿನ ನಿನ್ನೆ ನಡೆದಂತೆ ಅವಳ ಕಣ್ಣಿಗೆ ಕಟ್ಟಿದೆ. ಸಿಸ್ಟರುಗಳು ಕೊಟ್ಟ ಬಿಳಿ ಫ್ರಾಕು, ಅದರ ನುಸಿಗುಳಿಗೆ ವಾಸನೆ, ಬರಿಗಾಲಿಗೆ ತಣ್ಣಗೆ ತಾಗಿದ ರೆಡಾಕ್ಸೈಡ್ ನೆಲ, ಅವ್ವ ಹಿಂದಿನಿಂದ ಬೆನ್ನಿಗೆ ತಿವಿದು "ನಾಲಿಗೆ ಚಾಚು" ಅಂದದ್ದು.

ಗಂಡ ಚೌರಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕುತ್ತಿದ್ದ. ಹಗಲು ಏನೇ ಜಗಳವಾಗಲಿ, ದೀಪ ಹಚ್ಚಿದ ಮೇಲೆ ಇಬ್ಬರೂ ಜಪಸರ ಹಿಡಿದು ಕೂರುತ್ತಿದ್ದರು. ಜಪಸರದ ಪ್ರಾರ್ಥನೆಯನ್ನು ಒಬ್ಬರೇ ಹೇಳುವ ರೂಢಿಯಿಲ್ಲ. ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು. ಚೌರಪ್ಪ ಅರ್ಧ ಹೇಳಿ ನಿಲ್ಲಿಸುತ್ತಿದ್ದ, ಲೂರ್ದಮ್ಮ ಉಳಿದದ್ದು ಹೇಳಿ ಮುಗಿಸುತ್ತಿದ್ದಳು. ಒಲೆಯ ಮುಂದೆ ಇರಲಿ, ಹಿತ್ತಲಲ್ಲಿರಲಿ, ಅವನ ಅರ್ಧ ಕಿವಿಗೆ ಬಿದ್ದರೆ ಇವಳ ಅರ್ಧ ಬಾಯಿಂದ ಬಂದೇ ಬರಬೇಕು. ಚೌರಪ್ಪ ತೀರಿಕೊಂಡ ಮೇಲೆ ಎಷ್ಟೋ ದಿನ ಅವಳು ಸುಮ್ಮನೆ ಸರ ಹಿಡಿದು ಕೂತು ಎದ್ದುಬಿಡುತ್ತಿದ್ದಳು. ಅನೀಟಳಿಗೆ ಮಾತು ಬಂದ ಮೇಲೆ ಆ ಮೊದಲರ್ಧ ಮಗುವಿನ ಪಾಲಿಗೆ ಬಂತು.

ಕ್ಲಾಸಿನಲ್ಲಿ ಬೇರೆ ಮಕ್ಕಳು ಪ್ರಾರ್ಥನೆ ಶುರುಮಾಡಿದರೂ ಲೂರ್ದಮ್ಮ ಬಾಗಿಲ ಹಿಂದಿನಿಂದ ತನ್ನ ಅರ್ಧ ಹೇಳಿಯೇ ಹೇಳುತ್ತಿದ್ದಳು. ಮೈಕು ಮುಚ್ಚಿರುತ್ತಿದ್ದರಿಂದ ಅದು ಯಾರಿಗೂ ಕೇಳುತ್ತಿರಲಿಲ್ಲ. ಅನೀಟ ತನ್ನ ಸರದಿಗೆ ಹೇಳುತ್ತಿದ್ದದ್ದು ಎರಡು ಅರ್ಧವಿಲ್ಲದ ಚಿಕ್ಕ ಪ್ರಾರ್ಥನೆ. ಅದರ ವಿಷಯ ಯಾರೂ ಯೋಚಿಸಿಯೂ ಇರಲಿಲ್ಲ.

ಪರೀಕ್ಷೆಯ ದಿನವೇ ಶುಂಠಿ ತುಂಬಲು ಲಾರಿ ಬಂದುಬಿಟ್ಟಿತು. ಜೆಸಿಂತ, ಬಿಜು ಇಬ್ಬರೂ ಹೊಲದಲ್ಲಿ. ಹೋಗುವಾಗ ಜೆಸಿಂತ ಹೇಳಿಯೇ ಹೋಗಿದ್ದಳು. "ಅವ್ವ, ನೀನು ಮನೇಲಿರ್ಬೇಕು, ಆದ್ರೆ ಪಡಸಾಲೆ ಒಳೀಕೆ ಕಾಲಿಡ್ಬಾರ್ದು. ಬೇರೆಯವ್ರು ಒಂದು ಮಾತು ಹೇಳ್ಕೊಟ್ರೂ ಪರೀಕ್ಷೆ ನಿಲ್ಲುಸ್ಬುಡ್ತಾರೆ. ಮುಂದಿನ ಟರ್ಮೇ ಆಮೇಲೆ. ತಿಳೀತಾ?"

"ನಾನ್ಯಾಕೆ ಬಾಯಿ ಬುಡ್ಲಿ, ನಂಗೇನು ಗ್ಯಾನ ಇಲ್ವಾ?" ಎಂದು ಲೂರ್ದಮ್ಮ ಸಿಡುಕಿದ್ದಳು.

ಅನೀಟ ತಲೆ ಬಾಚಿ, ಫೋನನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ ಕಿಟಕಿಯ ಹತ್ತಿರ ಕೂತಳು. ಕಿಟಕಿ ಮುಚ್ಚಿದರೆ ಸಿಗ್ನಲ್ ಇಲ್ಲ, ಅದಕ್ಕೆ ತೆರೆದೇ ಇತ್ತು. ಒಳಗೆ ಉಪದೇಶದ ಟೀಚರು ಐರಿನ್ ಮಿಸ್ಸಿನ ದನಿ ಕೇಳಿತು. ಮಂಗಳೂರಿನವರು, ಮಾತು ಅಚ್ಚುಕಟ್ಟು. ಹತ್ತು ಕಟ್ಟಳೆಗಳು ಆದವು. ಸಂಸ್ಕಾರಗಳು ಆದವು. ಲೂರ್ದಮ್ಮ ಜಗಲಿಯ ಕಂಬ ಹಿಡಿದು ನಿಂತಳು, ಬಿಟ್ಟಳು, ಅಂಗಳಕ್ಕಿಳಿದಳು, ಹತ್ತಿದಳು.

ಅಷ್ಟರಲ್ಲಿ ರಸ್ತೆಯ ತಿರುವಿನಿಂದ ಮೈಕಿನ ಸದ್ದು ಬಂತು. ಈರುಳ್ಳಿ ಬೆಳ್ಳುಳ್ಳಿ ಮಾರುವ ಆಟೋ. ಲೂರ್ದಮ್ಮ ಸೀರೆ ಎತ್ತಿಕಟ್ಟಿ ಓಡಿದಳು. ಆಟೋದ ಎದುರು ಎರಡೂ ಕೈ ಚಾಚಿ ನಿಂತಳು.

"ಏನಜ್ಜಿ, ಸಾಯ್ಬೇಕು ಅಂತ ಮಾಡಿದ್ದೀರಾ?" ಆಟೋದವನು ಬ್ರೇಕು ಒತ್ತಿದ.

"ನಿನ್ನ ಈರುಳ್ಳಿ ಬಾಯಿ ಮುಚ್ಚುಸಪ್ಪ ಮೊದ್ಲು! ಒಳಗೆ ಮೊಗ ಪರೀಕ್ಷೆ ಕೊಡ್ತಾ ಕುಂತದೆ!"

"ಯಾವ ಪರೀಕ್ಷೆ? ಶಾಲೆ ಆ ಕಡೆ ಅಲ್ವಾ ಇರೋದು?"

"ಶಾಲೆ ಫೋನಲ್ಲದೆ ಕಣಪ್ಪ. ನಿಂಗೆ ಆಮೇಲೆ ಯೋಳ್ತೀನಿ, ಈಗ ಮುಚ್ಚು."

ಅವನು ಏನೂ ಅರ್ಥವಾಗದೆ ಮೈಕು ಆರಿಸಿ ಆಟೋ ದೂಡಿಕೊಂಡೇ ಮುಂದಕ್ಕೆ ಹೋದ. ಲೂರ್ದಮ್ಮ ಏದುಸಿರು ಬಿಡುತ್ತಾ ವಾಪಸು ಬಂದು ಕಿಟಕಿಯ ಕೆಳಗೆ ಕುಸಿದಳು. ಬೆಳಗ್ಗಿನಿಂದ ಮೊದಲ ಸಲ ಕೂತಳು. ಒಳಗೆ ಅನೀಟ ಮರಿಯಮ್ಮನವರ ಪ್ರಾರ್ಥನೆ ಶುರುಮಾಡಿದ್ದಳು. ಅರ್ಧಕ್ಕೆ ಬಂದಳು. ದಿನಾ ನಿಲ್ಲುವ ಕಡೆ ನಿಂತಳು.

ಆ ನಿಶ್ಶಬ್ದದೊಳಕ್ಕೆ ಲೂರ್ದಮ್ಮನ ಬಾಯಿಂದ ಉಳಿದರ್ಧ ಹೊರಟಿತು. ತಾನು ಹೇಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಸುನಂದಮ್ಮನ ಮೊರ ನಿಂತದ್ದು ಕಂಡು ತಿಳಿಯಿತು. ಆಗಲೇ ಆಮೆನ್ ಅಂದು ಆಗಿತ್ತು.

"ಯಾರದು?" ಒಳಗೆ ಮಿಸ್ಸಿನ ದನಿ. "ಅನೀಟಾ, ಯಾರು ಹೇಳಿಕೊಟ್ಟದ್ದು?"

"ಹೇಳ್ಕೊಡ್ಲಿಲ್ಲ ಮಿಸ್."

"ಮತ್ತೆ ನನಗೆ ಕೇಳಿಸಿತಲ್ಲ?"

"ಅದು... ಅದು ಅಜ್ಜಿ ಪಾಲು ಮಿಸ್. ನನ್ನ ಪಾಲು ನಾನು ಹೇಳ್ದೆ."

"ಪಾಲಾ? ಪ್ರಾರ್ಥನೆಯಲ್ಲಿ ಎಂಥದ್ದು ಪಾಲು?"

ಮಗುವಿನ ದನಿ ಅಳುವಿಗೆ ತಿರುಗಿತು. ಲೂರ್ದಮ್ಮ ಎದ್ದಳು. ಸುನಂದಮ್ಮ ಸೆರಗು ಹಿಡಿದೆಳೆದು, "ಓಗ್ಬ್ಯಾಡಿ ಲೂರ್ದಕ್ಕ, ಇನ್ನೂ ಕೆಡ್ತದೆ" ಅಂದಳು. ಲೂರ್ದಮ್ಮ ಸೆರಗು ಬಿಡಿಸಿಕೊಂಡು ತಲೆಯ ಮೇಲೆ ಹೊದ್ದು, ಚಪ್ಪಲಿ ಬಿಟ್ಟು ಒಳಗೆ ಹೋದಳು. ಫೋನಿನಲ್ಲಿ ಯಾವ ಕಡೆ ನೋಡಿ ಮಾತಾಡಬೇಕೋ ಗೊತ್ತಾಗದೆ ಮಂಟೇಸ್ವಾಮಿಯ ಪಟ ನೋಡಿಕೊಂಡು ಮಾತಾಡಿದಳು.

"ತಪ್ಪಾಯ್ತು ಕಣವ್ವ ತಾಯಿ. ಮೊಗೀದೇನೂ ತಪ್ಪಿಲ್ಲ. ನಮ್ಮನೇಲಿ ಅರ್ಧ ಒಬ್ರು, ಅರ್ಧ ಒಬ್ರು. ಬೀದಿಲಿ ಯಾರೋ ನಮ್ಮ ಹೆಸ್ರು ಹಿಡ್ದು ಕೂಗುದ್ರೆ ಓ ಅನ್ನಾಕಿಲ್ವಾ? ಅಂಗೆ ಬಂದೋಯ್ತು ಬಾಯಿಗೆ. ಅವಳಿಗೆ ಪೂರ್ತಿ ಬತ್ತದೆ. ದಿನಾ ನನ್ನ ಬಾಯಲ್ಲಿ ಕೇಳ್ತಾಳಲ್ಲ, ಬರ್ದೆ ಇರ್ತದಾ?"

"ಅಜ್ಜೀ, ನನಗೆ ಅರ್ಥ ಆಗ್ತದೆ. ಆದ್ರೆ ನಿಯಮ ಉಂಟಲ್ಲ? ಬೇರೆ ಸ್ವರ ಬಂದ್ರೆ ಪರೀಕ್ಷೆ ನಿಲ್ಲಿಸ್ಬೇಕು. ಇವಳಿಗೆ ಬಿಟ್ಟರೆ ನಾಳೆ ಎಲ್ಲರ ಮನೆಯಲ್ಲೂ..."

"ಮುಂದ್ಲ ಟರ್ಮ್ ಅಂದ್ರೆ ಯಾವಾಗವ್ವ?"

"ಸೆಪ್ಟೆಂಬರ್."

"ಅಷ್ಟೊತ್ಗೆ ನಾವು ಈ ಊರಲ್ಲೇ ಇರಾಕಿಲ್ಲ." ಲೂರ್ದಮ್ಮ ಪಟ ಬಿಟ್ಟು ಫೋನನ್ನೇ ನೋಡಿದಳು. "ನಂಗೆ ಏನ್ ಶಿಕ್ಷೆ ಬೇಕಾದ್ರೂ ಕೊಡಿ. ಆ ಬೆಂಚಲ್ಲಿ ಇನ್ನೊಂದು ವರ್ಷ ಇವಳ್ನ ಕುಂಡ್ರುಸ್ಬ್ಯಾಡಿ."

ಮಿಸ್ಸು ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತುಬಿಟ್ಟಿತು. ಪರದೆಯ ನಡುವೆ ಒಂದು ಬಿಳಿ ಚಕ್ರ ಸುತ್ತತೊಡಗಿತು.

"ಹೋಯ್ತು ಸಿಗ್ನಲ್ಲು," ಅನೀಟ ಬಿಕ್ಕಿದಳು.

ಹೌದು ಅನ್ನಲು ತೆರೆದ ಬಾಯೋ, ಇಲ್ಲ ಅನ್ನಲು ತೆರೆದ ಬಾಯೋ? ಲೂರ್ದಮ್ಮ ಫೋನಿನ ಹತ್ತಿರ ಮುಖ ತಂದು ಆ ಬಾಯಿಯನ್ನೇ ನೋಡಿದಳು. ಬಾಯಲ್ಲೇನೂ ತಿಳಿಯಲಿಲ್ಲ. ಸುನಂದಮ್ಮ ಮೊರದ ಸಮೇತ ಒಳಗೆ ಬಂದಳು. "ಕಿಟಕಿ ಆಚೆ ಹಿಡೀರಿ ಅದುನ್ನ, ಕೈ ನೀಡಿ ಹಿಡೀರಿ" ಅಂದಳು. ಅನೀಟ ಕಂಬಿಯ ಸಂದಿಯಿಂದ ಕೈ ಆಚೆ ಚಾಚಿದಳು. ಚಕ್ರ ಸುತ್ತುತ್ತಲೇ ಇತ್ತು. ಲೂರ್ದಮ್ಮ ಅಂಗಳಕ್ಕೆ ಓಡಿ ಹೊರಗಿನಿಂದ ಆ ಕೈ ನೋಡಿದಳು, ಒಳಗೆ ಓಡಿ ಬಂದಳು, ಮತ್ತೆ ಹೊರಗೆ ಓಡಿದಳು. ಹುಂಜ ಮರದ ಮೇಲಿಂದ ಕೂಗಿತು. ಈ ಸಲ ಯಾರೂ ಅದನ್ನು ಬೈಯಲಿಲ್ಲ.

"...ಕೇಳಿಸ್ತಾ ನಾನು ಹೇಳಿದ್ದು?" ಎಂದಿತು ಫೋನು.

"ಇಲ್ಲ ಮಿಸ್!" ಮೂವರೂ ಒಟ್ಟಿಗೆ ಅಂದರು. ಸುನಂದಮ್ಮನೂ ಮಿಸ್ ಅಂದಳು.

"ಇನ್ನೊಮ್ಮೆ ಹೇಳ್ತೇನೆ. ಅಜ್ಜಿ ಮಗುವಿನ ಪಕ್ಕ ಕೂತ್ಕೊಳ್ಳಿ, ನನಗೆ ಕಾಣುವ ಹಾಗೆ. ಅನೀಟ ಪ್ರಾರ್ಥನೆಯನ್ನು ಮೊದಲಿಂದ ಕೊನೆವರೆಗೆ ಒಬ್ಬಳೇ ಹೇಳ್ಬೇಕು. ಎಲ್ಲ ರೆಕಾರ್ಡ್ ಆಗ್ತಾ ಉಂಟು. ಯಾರಾದ್ರೂ ಕೇಳಿದ್ರೆ ಅದನ್ನೇ ತೋರಿಸ್ತೇನೆ. ಅಜ್ಜಿಯ ತುಟಿ ಅಲ್ಲಾಡಿದ್ರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ, ಮತ್ತೆ."

ಲೂರ್ದಮ್ಮ ಕೂತಳು. ಮುನ್ನೆಚ್ಚರಿಕೆಗೆ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು.

"ಸೆರಗು ತೆಗೀರಿ ಅಜ್ಜಿ. ಬಾಯಿ ಕಾಣ್ಬೇಕು ಅಂದೆನಲ್ಲ."

ತೆಗೆದಳು. ತುಟಿ ಕಚ್ಚಿ ಹಿಡಿದಳು. ಅನೀಟ ಶುರುಮಾಡಿದಳು. ಮೊದಲರ್ಧ ನೀರು ಹರಿದಂತೆ ಹರಿಯಿತು. ಅರ್ಧಕ್ಕೆ ಬಂದು, ನೋಡಿ, ಮತ್ತೆ ನಿಂತಳು! ನಿಂತು, ತಲೆ ತಿರುಗಿಸಿ ಅಜ್ಜಿಯ ಮುಖ ನೋಡಿದಳು.

ಲೂರ್ದಮ್ಮನ ನಾಲಿಗೆಯ ತುದಿಗೆ ಮಾತು ಬಂತು. ಮೊದಲರ್ಧ ಕಿವಿಗೆ ಬಿದ್ದ ಮೇಲೂ ಅವಳು ಹೇಳದೆ ಬಿಟ್ಟದ್ದು ಇಷ್ಟು ವರ್ಷದಲ್ಲಿ ಇದೊಂದೇ. ಅನೀಟ ಇನ್ನೂ ನೋಡುತ್ತಿದ್ದಳು. ಆಗ ಲೂರ್ದಮ್ಮ ಮುಖ ಆಚೆ ತಿರುಗಿಸಿ ಗೋಡೆ ನೋಡಿದಳು. ನನ್ನನ್ನು ನೋಡಬೇಡ ಅಂದಂತೆ, ಬಾಯಿ ಫೋನಿಗೆ ಓರೆಯಾಗಿ ಕಾಣುವಷ್ಟು ಉಳಿಸಿಕೊಂಡು, ಮಗುವಿಗೆ ಬೆನ್ನು ತಿರುಗಿಸಿದಳು.

ಹಿಂದಿನಿಂದ ಉಳಿದರ್ಧ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಸಲೀಸಾಗಿ. ಲೂರ್ದಮ್ಮ ಎಳೆಯುವ ಕಡೆ ಎಳೆದುಕೊಂಡು, ಅವಳು ಉಸಿರು ತಗೊಳ್ಳುವ ಕಡೆ ಉಸಿರು ತಗೊಂಡು, ಕೊನೆಯ ಮಾತಿಗೆ ಮುಂಚೆ ಅವಳು ಕೆಮ್ಮುವ ಸಣ್ಣ ಕೆಮ್ಮನ್ನೂ ಕೆಮ್ಮಿ, ಅನೀಟ ಆಮೆನ್ ಅಂದಳು. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಲೂರ್ದಮ್ಮನಿಗೆ ಅವತ್ತೇ ತಿಳಿದದ್ದು.

"ಕೆಮ್ಮು ಬೇಕಿರ್ಲಿಲ್ಲ," ಅಂದರು ಮಿಸ್ಸು. ಅವರ ಮುಖದಲ್ಲಿ ನಗು ತಡೆಯುವುದು ಕಾಣುತ್ತಿತ್ತು. "ಪಾಸು. ನಿಮ್ಮ ಫಾದರಿಗೆ ಈಗಲೇ ಮೇಲ್ ಹಾಕ್ತೇನೆ."

ಅನೀಟ ಕುಣಿದಳು. ಸುನಂದಮ್ಮ ಒಳಗಿನಿಂದ ಬೆಲ್ಲ ತಂದು ಮಗುವಿನ ಬಾಯಿಗಿಟ್ಟಳು. ಲೂರ್ದಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

"ಎಲ್ಲಿಗೆ ಹೊರಟ್ರಿ?"

"ಕೋಟೆಗೆ. ಸ್ವಾಮ್ಯೋರಿಗೆ ಯೋಳ್ಬುಟ್ಟು ಬತ್ತೀನಿ. ಆ ಮೇಲು ಮಧ್ಯ ದಾರೀಲಿ ಸಿಗ್ನಲ್ ಇಲ್ದೆ ನಿಂತ್ಕಂಡ್ರೆ?"

ಬಸ್ಸು ಹಿಡಿದು ಹೋದಳು. ಸ್ವಾಮಿಯವರು ಚರ್ಚಿನ ಅಂಗಳದಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದರು. ಇವಳು ಬಾಯಿ ತೆರೆಯುವ ಮೊದಲೇ, "ಬಂತಮ್ಮ, ನೀವು ಬಸ್ಸು ಹತ್ತೋ ಮೊದಲೇ ಬಂದಿರ್ಬೇಕು. ಸಂತೋಷ. ಶನಿವಾರ ಸಾಯಂಕಾಲ ಮಕ್ಕಳಿಗೆಲ್ಲ ಅಭ್ಯಾಸ. ಸಾಲಲ್ಲಿ ಬರೋದು, ಮೊಣಕಾಲೂರೋದು, ವಾಪಸ್ ಹೋಗೋದು. ಇದಕ್ಕೆ ಫೋನ್ ನಡೆಯಲ್ಲ ಮತ್ತೆ, ಮಗೂನೇ ಬರ್ಬೇಕು" ಅಂದರು.

"ಬತ್ತಾಳೆ ಸ್ವಾಮಿ," ಅಂದಳು ಲೂರ್ದಮ್ಮ. ಆದರೆ ವಾಪಸು ಬರುವ ಬಸ್ಸಿನಲ್ಲಿ ಹೊಸ ದಿಗಿಲು ಹತ್ತಿತು. ಆ ಮಗು ಈಚೆಗೆ ಬೇರೆ ಮಕ್ಕಳ ಜೊತೆ ಬೆರೆತದ್ದೆಲ್ಲ ಫೋನಿನ ಚೌಕದೊಳಗೆ. ಅಲ್ಲಿ ಯಾರೂ ಯಾರ ಹಿಂದೆಯೂ ನಿಲ್ಲುವುದಿಲ್ಲ. ಹಿಂದಿನ ಮಗು ನೂಕಿದರೆ? ಮುಂದಿನದು ನಿಂತುಬಿಟ್ಟರೆ? ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಇವಳು ಸಾಲು ಬಿಟ್ಟು ಓಡಿಬಿಟ್ಟರೆ?

ಬಸ್ಸಿಳಿದವಳು ಶೆಡ್ಡಿಗೂ ಹೋಗದೆ ನೇರ ಶುಂಠಿ ತೊಳೆಯುವ ಜಾಗಕ್ಕೆ ಹೋದಳು. ಆಳು ಹೆಂಗಸರು ಕೆಲಸ ಮುಗಿಸಿ ಕೈಕಾಲಿನ ಮಣ್ಣು ತೊಳೆಯುತ್ತಿದ್ದರು. ಅನೀಟಳೂ ಅಮ್ಮನ ಹತ್ತಿರ ಅಲ್ಲೇ ಇದ್ದಳು.

"ಒಸಿ ಎಲ್ರೂ ಒಬ್ಬರಿಂದೆ ಒಬ್ರು ನಿಂತ್ಕಳಿ. ಅನೀಟ, ನೀನು ನಡುವೆ ಬಾ. ಚಿಕ್ಕಬೀರಮ್ಮ, ನೀನು ಇವಳಿಂದೆ ನಿಂತ್ಕಂಡು ಒಸಿ ನೂಕು. ಬೀಳ್ಸಬ್ಯಾಡ, ನೂಕು."

"ಇದೇನವ್ವ ಇದು, ರೇಷನ್ ಕೊಡ್ತಾರಾ?" ಚಿಕ್ಕಬೀರಮ್ಮ ನಗುತ್ತಲೇ ಬಂದು ನಿಂತಳು. ಉಳಿದವರೂ ನಿಂತರು. ಜೆಸಿಂತ ಚೀಲದ ಬಾಯಿ ಹೊಲಿಯುತ್ತಿದ್ದವಳು, ಅವ್ವನ ಮುಖ ನೋಡಿ ಎದ್ದು ಬಂದು ಸಾಲಿನ ಕೊನೆಗೆ ಸೇರಿದಳು.

"ಕೈ ಮುಗೀರಿ. ನಿಧಾನಕ್ಕೆ ಬನ್ನಿ. ಆ ಕಡೆ ಈ ಕಡೆ ನೋಡಬ್ಯಾಡಿ."

ಒದ್ದೆ ಸೀರೆಯ ಹೆಂಗಸರು ಕೈ ಮುಗಿದು ಒಂದೊಂದೇ ಹೆಜ್ಜೆ ಮುಂದೆ ಬಂದರು. ನಡುವೆ ಅನೀಟ, ಗದ್ದ ಎದೆಗೊತ್ತಿಕೊಂಡು. ಚಿಕ್ಕಬೀರಮ್ಮ ಹೇಳಿದಂತೆ ನೂಕಿದಳು. ಮಗು ತೂರಾಡಿತು, ನಿಂತಿತು, ಹಿಂದೆ ತಿರುಗಿ ನಕ್ಕಿತು.

"ನಗಬ್ಯಾಡ ಕಣೇ!" ಲೂರ್ದಮ್ಮ ಗದರಿದಳು. "ಇನ್ನೊಂದ್ಸಲ. ಎಲ್ಲಾರೂ ಇಂದಕ್ಕೆ ಓಗಿ, ಮೊದ್ಲಿಂದ ಬನ್ನಿ."